ಪರದೆಯ ಹಿಂದೆ ಇನ್ನೊಂದು ಪರದೆ

'ಸಿಂಗಿನ್ ಇನ್ ದ ರೇನ್' ಚಿತ್ರ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ನೋಡದವರಿಗೂ ಕೊಡೆ ಮಡಚಿ ಮಳೆಯಲ್ಲಿ ಕುಣಿಯೋ ಜೀನ್ ಕೆಲಿ ಪರಿಚಯ ಇರುತ್ತೆ. 1952ರ ಎಂಜಿಎಂ ಚಿತ್ರ, ನಿರ್ದೇಶನ ಕೆಲಿ ಮತ್ತು ಸ್ಟ್ಯಾನ್ಲಿ ಡೊನೆನ್ ಅವರದ್ದು. ಹಾಡುಗಳು ಬಹುಪಾಲು ಹಳೆಯವೇ. ನಿರ್ಮಾಪಕ ಆರ್ಥರ್ ಫ್ರೀಡ್, ತಾನು ನ್ಯಾಸಿಯೋ ಹರ್ಬ್ ಬ್ರೌನ್ ಜೊತೆ ಹಿಂದೆ ಮಾಡಿದ್ದ ಹಾಡುಗಳನ್ನು ಕೊಟ್ಟು, ಇವಕ್ಕೊಂದು ಕಥೆ ಹೊಂದಿಸಿ ಅಂತ ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಜೋಡಿಗೆ ಹೇಳಿದ್ದ. ಅವರು ಕಥೆಯನ್ನು 1927ಕ್ಕೆ ಒಯ್ದರು. 'ದ ಜಾಝ್ ಸಿಂಗರ್' ಬಂದು ಮೂಕಿ ಚಿತ್ರಗಳ ಬುಡ ಅಲ್ಲಾಡಿದ ವರ್ಷ ಅದು.

ಲೀನಾ ಲಮಾಂಟ್ ಮೂಕಿ ಚಿತ್ರಗಳ ತಾರೆ. ರೂಪ ಇದೆ, ಆದರೆ ಬಾಯಿ ತೆರೆದರೆ ಕಿವಿ ಮುಚ್ಕೋಬೇಕು! ಹಾಗಾಗಿ ಕ್ಯಾಥಿ ಅನ್ನೋ ಹೊಸ ಹುಡುಗಿಯಿಂದ ಗುಟ್ಟಾಗಿ ದನಿ ಕೊಡಿಸ್ತಾರೆ. ಕೊನೆಗೆ ತುಂಬಿದ ಸಭೆಯೆದುರು ಪರದೆ ಸರಿದು ಕ್ಯಾಥಿ ಕಾಣಿಸ್ತಾಳೆ, ಕೆಲಸ ಮಾಡಿದವಳಿಗೆ ಹೆಸರು ಸಿಗುತ್ತೆ. ತಾನು ಬರೆದ ಕೋಡ್ ಬೇರೆಯವರ ಹೆಸರಲ್ಲಿ ಹೋಗೋದನ್ನು ಕಂಡ ಯಾರಿಗಾದರೂ ಖುಷಿಯಾಗೋ ದೃಶ್ಯ :)

ತಮಾಷೆ ಇರೋದು ಇಲ್ಲೇ. ಕ್ಯಾಥಿಯಾಗಿ ನಟಿಸಿದ್ದು ಡೆಬ್ಬಿ ರೆನಾಲ್ಡ್ಸ್. ಆಕೆ ಲೀನಾಳ ಮಾತಿಗೆ ದನಿ ಕೊಡೋ ದೃಶ್ಯದಲ್ಲಿ ನಾವು ಕೇಳೋದು ಡೆಬ್ಬಿಯ ದನಿಯಲ್ಲ, ಲೀನಾ ಪಾತ್ರಧಾರಿ ಜೀನ್ ಹೇಗನ್‌ಳದೇ! ಆಕೆಯ ನಿಜವಾದ ಕಂಠ ಅಷ್ಟು ಚೆನ್ನಾಗಿತ್ತು, ಟೆಕ್ಸಾಸ್‌ನಲ್ಲಿ ಹುಟ್ಟಿದ ಡೆಬ್ಬಿಯ ಮಾತಿನ ಧಾಟಿ ಅಲ್ಲಿಗೆ ಸರಿಹೋಗಲಿಲ್ಲ. ಅಂದ್ರೆ ಹೇಗನ್‌ಗೆ ದನಿ ಕೊಡೋ ಡೆಬ್ಬಿಗೆ ದನಿ ಕೊಟ್ಟವಳು ಹೇಗನ್. (ಒಂದು ಸಲ ನಿಧಾನವಾಗಿ ಓದ್ಕೊಳ್ಳಿ.)

ಇಲ್ಲೀವರೆಗೆ ನಗು. ಆದರೆ ಕ್ಯಾಥಿ ಲೀನಾಗಾಗಿ ಹಾಡೋ 'ವುಡ್ ಯೂ' ಹಾಡನ್ನು ನಿಜವಾಗಿ ಹಾಡಿದ್ದು ಬೆಟ್ಟಿ ನಾಯ್ಸ್ ಅನ್ನೋ ಮೂರನೆಯವಳು. ಆಕೆಯ ಹೆಸರು ಚಿತ್ರದಲ್ಲಿ ಎಲ್ಲೂ ಇಲ್ಲ. ಹೆಸರಿಲ್ಲದ ಗಾಯಕಿಗೆ ನ್ಯಾಯ ಕೊಡಿಸೋ ಕಥೆಯಲ್ಲೇ! ಆಗಿನ ಹಾಲಿವುಡ್‌ನಲ್ಲಿ ಇದು ಮಾಮೂಲು. 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್‌ಬರ್ನ್‌ಗೆ ಹೆಚ್ಚಿನ ಹಾಡುಗಳನ್ನು ಹಾಡಿದ ಮಾರ್ನಿ ನಿಕ್ಸನ್ ಹೆಸರೂ ತೆರೆಯ ಮೇಲೆ ಬರಲಿಲ್ಲ. ಹಿನ್ನೆಲೆ ಗಾಯಕರನ್ನು ಹೆಸರು ಹಿಡಿದು ಮೆಚ್ಚೋ ನಮಗೆ ಇದು ವಿಚಿತ್ರ ಅನ್ಸುತ್ತೆ. ನಾಯಕಿಯೇ ಹಾಡ್ತಾಳೆ ಅನ್ನೋ ಭ್ರಮೆ ಮಾರೋದೇ ಅಲ್ಲಿನ ಸ್ಟುಡಿಯೋಗಳ ವ್ಯಾಪಾರವಾಗಿತ್ತು.

ನಾಯ್ಸ್‌ಗೆ ಇದು ಹೊಸದೇನಲ್ಲ. 1941ರ ಡಿಸ್ನಿ ಚಿತ್ರ 'ಡಂಬೋ'ದ ಲಾಲಿ 'ಬೇಬಿ ಮೈನ್' ಆಕೆಯ ಕಂಠದ್ದೇ. ಆ ಹಾಡು ಆಸ್ಕರ್‌ಗೆ ನಾಮನಿರ್ದೇಶನವಾಯ್ತು. ಅದರಲ್ಲೂ ಗಾಯಕಿಯ ಹೆಸರು ಹಾಕಿರಲಿಲ್ಲ.