ಗುಡ್ಡದೊಳಗಿನ ಚರಿತ್ರೆ: ಪೆರ್ಲದ ತೋಟ ಮತ್ತು ಸುರಂಗ

ಕಾಸರಗೋಡಿನ ಚರಿತ್ರೆಯೆಂದೊಡನೆ ಕೆಳದಿಯ ನಾಯಕರು 17ನೆಯ ಶತಮಾನದಲ್ಲಿ ಕಡಲ ತಡಿಯಲ್ಲಿ ಕಟ್ಟಿಸಿದ ಬೇಕಲ ಕೋಟೆ ನೆನಪಾಗುತ್ತದೆ. ಅದಕ್ಕೆ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಒಳನಾಡಿನ ಪೆರ್ಲದಲ್ಲಿ ಅಂತಹುದೇ ಮುರಕಲ್ಲನ್ನು ಕೊರೆದು ಕೃಷಿಕರು ನಿರ್ಮಿಸಿದ ಇನ್ನೊಂದು ಸ್ಮಾರಕವಿದೆ; ಅದಕ್ಕೆ ಕಾವಲಿಲ್ಲ. ಅದುವೇ ಸುರಂಗ.

ಪಡ್ರೆ, ಶೇಣಿ, ಬಾಯಾರು ಮೊದಲಾದ ಗ್ರಾಮಗಳ ಎಷ್ಟೋ ಅಡಿಕೆ ತೋಟಗಳಿಗೆ ಸುರಂಗವೇ ಜೀವಾಳ. ಪಿಕಾಸು ಹಿಡಿದವನು ಒಬ್ಬನೇ ನುಸುಳುವಷ್ಟು ಅಗಲಕ್ಕೆ ಗುಡ್ಡವನ್ನು ಅಡ್ಡಲಾಗಿ ಅಗೆಯುತ್ತಾ ಸಾಗುತ್ತಾನೆ. ಉದ್ದದ ಲೆಕ್ಕ ಕೋಲಿನಲ್ಲಿ. ಕೋಲೆಂದರೆ ಸುಮಾರು ಎರಡೂವರೆ ಅಡಿ. ಕೈಯ ಮೇಣದಬತ್ತಿ ನಂದಿದರೆ ಉಸಿರಾಡುವ ಗಾಳಿ ತೀರಿತೆಂದೇ ಅರ್ಥ. ಒರತೆ ದೊರೆತರೆ ನೀರು ತಾನಾಗಿ ಹೊರಹರಿಯುತ್ತದೆ. ಹಿಂದೆ ಅದನ್ನು ಅಡಿಕೆ ಮರದ ದಂಬೆಗಳಲ್ಲಿ ಅಂಗಳಕ್ಕೂ ತೋಟಕ್ಕೂ ಹಾಯಿಸುತ್ತಿದ್ದರು.

1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಸಮೀಪದ ಬದಿಯಡ್ಕದಲ್ಲಿ ಕೃಷಿಕರಾಗಿಯೂ ಕವಿಯಾಗಿಯೂ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವಿಗೆ ದನಿಯಾದರು.

ಗಡಿಯ ತೀರ್ಮಾನ ನಮ್ಮ ಹಿರಿಯರ ಕೈಯಲ್ಲಿರಲಿಲ್ಲ. ಸುರಂಗದ ಅಳಿವು ಉಳಿವು ಮಾತ್ರ ನಮ್ಮ ಕೈಯಲ್ಲೇ ಇದೆ. ಕೊಳವೆಬಾವಿಗಳು ಆಳಕ್ಕಿಳಿದಂತೆ ಒರತೆಗಳು ಬತ್ತುತ್ತಿವೆ. ಗುಡ್ಡದ ನೆತ್ತಿಯ ಕಾಡನ್ನು ಉಳಿಸಿ ಮಳೆನೀರನ್ನು ಇಂಗಿಸಿದಲ್ಲಿ ಅವು ಮರಳಿ ಜಿನುಗಬಹುದು. ಊರಿಗೆ ಹೋದಾಗ ಮಕ್ಕಳಿಗೆ ಬೇಕಲವನ್ನು ತೋರಿಸೋಣ. ಅಜ್ಜನ ತೋಟದ ಸುರಂಗದ ಬಾಯಿಯನ್ನೂ ತೋರಿಸೋಣ.