ರಬ್ಬರು ಕೊಟ್ಟು ಅಕ್ಕಿ ತಂದ ಸಿಲೋನು

1952ರಲ್ಲಿ ಸಿಲೋನನ್ನು (ಇಂದಿನ ಶ್ರೀಲಂಕಾ) ಎರಡು ಬೆಲೆಗಳು ಎರಡು ಕಡೆಯಿಂದ ಹಿಂಡುತ್ತಿದ್ದವು. ಮಾರಬೇಕಾದ ರಬ್ಬರಿನ ಬೆಲೆ ದಿನೇ ದಿನೇ ಇಳಿಯುತ್ತಿತ್ತು. ಕೊಳ್ಳಲೇಬೇಕಾದ ಅಕ್ಕಿಯ ಬೆಲೆ ಏರುತ್ತಲೇ ಇತ್ತು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕು ವರ್ಷ. ರಫ್ತಿನ ಗಳಿಕೆಯ ಬಹುಪಾಲು ಬರುತ್ತಿದ್ದುದು ಚಹಾ, ರಬ್ಬರು, ತೆಂಗು ಈ ಮೂರರಿಂದಲೇ. ಜನ ಉಣ್ಣುವ ಅಕ್ಕಿಯಲ್ಲಿ ಸುಮಾರು ಅರ್ಧದಷ್ಟು ಹೊರಗಿನಿಂದ ಹಡಗಿನಲ್ಲಿ ಬರಬೇಕಿತ್ತು.

ರಬ್ಬರಿನ ಬೆಲೆ ಹೀಗೆ ಬೀಳಲು ಕಾರಣ ದೂರದ ಕೊರಿಯಾ ಯುದ್ಧ. 1950ರಲ್ಲಿ ಯುದ್ಧ ಶುರುವಾದದ್ದೇ ತಡ, ಅಮೆರಿಕ ರಬ್ಬರನ್ನು ದಾಸ್ತಾನು ಮಾಡತೊಡಗಿತು. ಬೆಲೆ ಜಿಗಿಯಿತು, ಕೊಲಂಬೊದ ಖಜಾನೆಯೂ ತುಂಬಿತು. ದಾಸ್ತಾನು ಸಾಕೆನಿಸಿದ ಮೇಲೆ ಅದೇ ವೇಗದಲ್ಲಿ ಬೆಲೆ ಬಿತ್ತು.

ತೋಟದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ನಸುಕಿನಲ್ಲೇ ತೊಗಟೆಯನ್ನು ಓರೆಯಾಗಿ ಕೆತ್ತಬೇಕು. ಕರಟಕ್ಕೆ ತೊಟ್ಟಿಕ್ಕಿದ ಹಾಲನ್ನು ಸೋಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ ಶೀಟು ಮಾಡಿ, ಹೊಗೆಯಲ್ಲಿ ಒಣಗಿಸಬೇಕು. ಸುಳ್ಯ, ಪುತ್ತೂರಿನವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಭಾರತ–ಸಿಲೋನು ನಡುವಿನ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕುಟುಂಬಗಳು ಅಲ್ಲಿನ ಸರ್ಕಾರಿ ರಬ್ಬರು ತೋಟಗಳಲ್ಲಿ ನೆಲೆಸಿವೆ. ಅಷ್ಟು ದುಡಿದರೂ ಶೀಟಿನ ಬೆಲೆ ಕಟ್ಟುವವರು ದುಡಿದವರಲ್ಲ, ಅವರ ಸರ್ಕಾರವೂ ಅಲ್ಲ. ಸಣ್ಣ ದೇಶದ ರಫ್ತಿನ ನಿಜವಾದ ಸಂಕಟ ಇಲ್ಲಿದೆ.

ಹಾಗೆ ನೋಡಿದರೆ ಕೊಳ್ಳುವವರೊಬ್ಬರು ಕಾದಿದ್ದರು. ಚೀನಾಕ್ಕೆ ರಬ್ಬರು ತುರ್ತಾಗಿ ಬೇಕಿತ್ತು. ಆದರೆ ಯುದ್ಧಕ್ಕೆ ಉಪಯೋಗವಾಗುವ ಸರಕನ್ನು ಅದಕ್ಕೆ ಮಾರಕೂಡದೆಂದು ವಿಶ್ವಸಂಸ್ಥೆ 1951ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತ್ತು. ಸಿಲೋನು ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯನಾಗಿರಲಿಲ್ಲ, ಹಾಗಾಗಿ ಈ ನಿರ್ಣಯಕ್ಕೆ ಬದ್ಧವಾಗಬೇಕಿರಲಿಲ್ಲ. ಸದಸ್ಯತ್ವ ಸಿಕ್ಕಿದ್ದು 1955ರಲ್ಲಿ.

ವ್ಯಾಪಾರ ಸಚಿವ ಆರ್.ಜಿ. ಸೇನಾನಾಯಕೆ ಪೀಕಿಂಗ್‌ಗೆ ಹೋದರು. 1952ರ ಡಿಸೆಂಬರ್ 18ರಂದು ಐದು ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು: ವರ್ಷಕ್ಕೆ 50,000 ಟನ್ ರಬ್ಬರು ಅತ್ತ, 2,70,000 ಟನ್ ಅಕ್ಕಿ ಇತ್ತ. ರಬ್ಬರಿಗೆ ಚೀನಾ ಮಾರುಕಟ್ಟೆಗಿಂತ ಹೆಚ್ಚಿನ ದರ ಕೊಟ್ಟಿತು. ಕಮ್ಯುನಿಸ್ಟರನ್ನು ಕಂಡರಾಗದ ಪಕ್ಷವೊಂದರ ಸರ್ಕಾರ, ರಾಜತಾಂತ್ರಿಕ ಸಂಬಂಧವೂ ಇಲ್ಲದ ಕಮ್ಯುನಿಸ್ಟ್ ದೇಶದ ಜೊತೆ ಮಾಡಿಕೊಂಡ ಒಪ್ಪಂದ ಅದು. ಜನರ ಊಟದ ಪ್ರಶ್ನೆ ಬಂದಾಗ ಸಿದ್ಧಾಂತವನ್ನು ಬದಿಗಿಟ್ಟ ಈ ಧೈರ್ಯವನ್ನು ಮೆಚ್ಚಲೇಬೇಕು. ಸಿಟ್ಟಾದ ಅಮೆರಿಕ ನೆರವು ನಿಲ್ಲಿಸಿತು. ರಬ್ಬರಿನ ಎಲೆರೋಗಕ್ಕೆ ಬೇಕಾದ ಗಂಧಕವನ್ನೂ ತಡೆಹಿಡಿಯಿತು.

ಒಪ್ಪಂದವಾದರೂ ಬೊಕ್ಕಸದ ಬರ ನೀಗಲಿಲ್ಲ. ಹೊರಗಿನಿಂದ ತಂದ ಅಕ್ಕಿಯನ್ನು ಸರ್ಕಾರ ನಷ್ಟ ಮಾಡಿಕೊಂಡು ಪಡಿತರದಲ್ಲಿ ಹಂಚುತ್ತಿತ್ತು. 1953ರ ಜುಲೈನಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕೆ ಸಬ್ಸಿಡಿಗೆ ಕತ್ತರಿ ಹಾಕಿದರು. 25 ಸೆಂಟ್ಸ್ ಇದ್ದ ಒಂದು ಅಳತೆ ಅಕ್ಕಿ 70 ಸೆಂಟ್ಸ್ ಆಯಿತು. ಶಾಲೆಯ ಮಕ್ಕಳ ಮಧ್ಯಾಹ್ನದ ಊಟವೂ ನಿಂತಿತು. ಆಗಸ್ಟ್ 12ರಂದು ಹರತಾಳ. ಜನ ರೈಲು ಹಳಿಗಳನ್ನು ಕಿತ್ತರು, ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು. ಮಂತ್ರಿಮಂಡಲ ಸಭೆ ಸೇರಿದ್ದು ಕೊಲಂಬೊ ಬಂದರಿನಲ್ಲಿ ಲಂಗರು ಹಾಕಿದ್ದ ಬ್ರಿಟಿಷ್ ಯುದ್ಧನೌಕೆ ನ್ಯೂಫೌಂಡ್‌ಲೆಂಡ್ ಮೇಲೆ. ಅಕ್ಟೋಬರಿನಲ್ಲಿ ಡಡ್ಲಿ ರಾಜೀನಾಮೆ ಕೊಟ್ಟರು.

ಸರ್ಕಾರಗಳು ಬದಲಾದರೂ ರಬ್ಬರು–ಅಕ್ಕಿ ಒಪ್ಪಂದ ಮತ್ತೆ ಮತ್ತೆ ನವೀಕರಣಗೊಂಡು 1982ರವರೆಗೆ ನಡೆಯಿತು. ಆ ಹೊತ್ತಿಗೆ ಕಟುನಾಯಕೆಯ ರಫ್ತು ವಲಯದಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು. 1980ರ ದಶಕ ಮುಗಿಯುವುದರೊಳಗೆ ರಫ್ತಿನ ಗಳಿಕೆಯಲ್ಲಿ ಸಿದ್ಧ ಉಡುಪು ಚಹಾವನ್ನೂ ಹಿಂದಿಕ್ಕಿತು. ಆದರೆ ಉಡುಪಿಗೆ ಬೇಕಾದ ಬಟ್ಟೆಯಲ್ಲಿ ಹೆಚ್ಚಿನದು ಹೊರಗಿನಿಂದಲೇ ಬರಬೇಕಿತ್ತು. ರಫ್ತು ಏರಿದ ಹಾಗೆ ಆಮದಿನ ಬಾಬತ್ತೂ ಏರಿತು.