ಅಕ್ಕನ ಅಡುಗೆಮನೆ

ಕನ್ನಡ ಪಾಠ ಹೇಳುವವನಿಗೂ ಮಿದುಳಿನ ಶಾಸ್ತ್ರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನನ್ನನ್ನು ಅತ್ತ ಎಳೆದದ್ದು ಶಾಸ್ತ್ರವಲ್ಲ, ಒಂದು ಅಡುಗೆಮನೆಯ ಸಂಗತಿ.

ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1928ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅದೇ ಡಿಸೆಂಬರಿನಲ್ಲಿ ಅವರ ಅಕ್ಕ ರೂತ್ ಮಿದುಳಿನ ಗೆಡ್ಡೆಯಿಂದ ನರಳುತ್ತ ಅವರಲ್ಲಿಗೆ ಬಂದಳು. ಒಡಹುಟ್ಟಿದವಳ ತಲೆಯನ್ನು ತಾವೇ ತೆರೆದು, ಬಲ ಮುಂಭಾಗದ ಮಿದುಳಿನ ದೊಡ್ಡ ಪಾಲನ್ನು ಅವರು ತೆಗೆದರು. ಆದರೂ ಗೆಡ್ಡೆ ಪೂರ್ತಿ ಕೈಗೆ ಸಿಗಲಿಲ್ಲ.

ಆಕೆ ಚೇತರಿಸಿಕೊಂಡಳು, ಮಾತು, ನಡೆ, ನೆನಪು ನೆಟ್ಟಗಿದ್ದವು. ವರ್ಷ ಕಳೆದ ಮೇಲೆ ಒಂದು ದಿನ ತಮ್ಮನನ್ನು ಊಟಕ್ಕೆ ಕರೆದಳು. ಊಟದ ಹೊತ್ತಾದಾಗ ನೋಡಿದರೆ, ಸಾಮಾನೆಲ್ಲ ಮುಂದಿದೆ, ಒಲೆಯ ಮೇಲೆ ಒಂದೆರಡು ಪಾತ್ರೆ, ಉಳಿದ ಅಡುಗೆಗೆ ಕೈಯೇ ಹಚ್ಚಿಲ್ಲ. ಅಕ್ಕ ಕಂಗೆಟ್ಟು ನಿಂತಿದ್ದಾಳೆ. ಅಡುಗೆ ಮರೆತಿರಲಿಲ್ಲ, ಯಾವುದು ಮೊದಲು, ಯಾವುದು ಅನಂತರ ಎಂದು ಹೊಂದಿಸುವ ಶಕ್ತಿ ಹೋಗಿತ್ತು. ರೋಗ ಮರುಕಳಿಸಿ 1931ರಲ್ಲಿ ಆಕೆ ತೀರಿಕೊಂಡಳು. ತಮ್ಮ ಆ ಅಡುಗೆಮನೆಯನ್ನು ಮರೆಯಲಿಲ್ಲ. 1935ರಲ್ಲಿ ಅದನ್ನೇ ವೈದ್ಯಲೇಖನವೊಂದರಲ್ಲಿ ಸಾಕ್ಷ್ಯವಾಗಿ ಬರೆದರು.

ಮಿದುಳಿನ ಮರ್ಮ ಒಬ್ಬ ಶಸ್ತ್ರವೈದ್ಯನಿಗೆ ದಕ್ಕುವಂಥದಲ್ಲವೆಂಬುದು ಪೆನ್‌ಫೀಲ್ಡರ ನಿಲುವು. ರಾಕ್‌ಫೆಲರ್ ಪ್ರತಿಷ್ಠಾನದ 12 ಲಕ್ಷ ಡಾಲರಿಗೂ ಮಿಕ್ಕ ನೆರವಿನಿಂದ 1934ರಲ್ಲಿ ಮೆಕ್‌ಗಿಲ್‌ನಲ್ಲಿ ನರಶಾಸ್ತ್ರ ಸಂಸ್ಥೆ ತೆರೆಯಿತು. ರೋಗಿಯ ಹಾಸಿಗೆ, ಶಸ್ತ್ರಚಿಕಿತ್ಸೆಯ ಕೋಣೆ, ಪ್ರಯೋಗಶಾಲೆ ಎಲ್ಲವೂ ಒಂದೇ ಸೂರಿನಡಿ. ಮಿದುಳಿನ ವಿದ್ಯುತ್ತನ್ನು ಅಳೆಯುವ ಹರ್ಬರ್ಟ್ ಜಾಸ್ಪರ್ ಬಂದು ಸೇರಿದರು. ದೇಶವಿದೇಶಗಳ ಕಿರಿಯ ವೈದ್ಯರು ಕಲಿಯಲು ಬಂದರು. 1950ರಲ್ಲಿ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಬಂದರು.

ಪೆನ್‌ಫೀಲ್ಡರು ಅಪಸ್ಮಾರಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿದ್ದ ಇಬ್ಬರು ರೋಗಿಗಳಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಂತಾಗಿತ್ತು. ಅದನ್ನು ಪರೀಕ್ಷಿಸಿ ಗುರುತಿಸಿದವರು, ಎಂದೂ ಶಸ್ತ್ರ ಹಿಡಿಯದ ಈ ಮಿಲ್ನರ್. ಪೆನ್‌ಫೀಲ್ಡರು ಅದನ್ನು ಮುಚ್ಚಿಡಲಿಲ್ಲ. 1955ರಲ್ಲಿ ಇಬ್ಬರೂ ಕೂಡಿ ವೈದ್ಯರ ಸಭೆಯ ಮುಂದಿಟ್ಟರು. ಆ ವರದಿಯನ್ನು ತಿಳಿದ ಅಮೆರಿಕದ ಇನ್ನೊಬ್ಬ ಶಸ್ತ್ರವೈದ್ಯರು, ತಮ್ಮ ರೋಗಿಯಲ್ಲೂ ಹೀಗೇ ಆಗಿದೆಯೆಂದು ಮಿಲ್ನರರನ್ನು ಕರೆಸಿಕೊಂಡರು. ನೆನಪಿನ ಶಾಸ್ತ್ರ ಹೊಸ ದಾರಿ ಹಿಡಿದದ್ದು ಅಲ್ಲಿಂದ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಶಾಸ್ತ್ರಗಳು ಅಕ್ಕಪಕ್ಕದ ಕಟ್ಟಡಗಳಲ್ಲಿದ್ದೂ ಒಂದರ ಮುಖ ಒಂದು ನೋಡದೆ ಬಾಳುವುದನ್ನು ನಾನು ಬಲ್ಲೆ. ಒಟ್ಟಿಗಿರುವುದೊಂದೇ ದೊಡ್ಡದಲ್ಲ. ನಿನ್ನ ಕೈ ತಪ್ಪಿತು ಎಂದು ಬೇರೆ ಶಾಸ್ತ್ರದವರು ಹೇಳಿದಾಗ ಕಿವಿಗೊಡುವುದು ದೊಡ್ಡದು. ಅಂದು ಅಕ್ಕನ ಮನೆಯಲ್ಲಿ ನೆರವು ದೊರೆತ ಮೇಲೆ ಅಡುಗೆ ಬೇಗನೆ ಮುಗಿಯಿತಂತೆ.